ಮುಳವಾಡ ಸೀಮೆಯ ಮಾಳಿಗೆಮನೆ: ಕಂಬ, ತೊಲೆ, ಜಂತಿಗಳ ಚರಿತ್ರೆ

೧

ವಿಜಯಪುರದ ಗೋಳಗುಮ್ಮಟವನ್ನು ಕುರಿತು ಬರೆದ ವಿದ್ವಾಂಸರು ಹಲವರು. ಅದರಿಂದ ಹತ್ತು ಹರದಾರಿಯೊಳಗಿರುವ ರೈತನ ಮನೆಯನ್ನು ಕುರಿತು ಬರೆದವರು ವಿರಳ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಅರಮನೆ, ದೇವಾಲಯ, ಗೋರಿಗಳಿಗೆ ಶಾಸನಗಳಿವೆ, ಕಟ್ಟಿಸಿದವರ ಹೆಸರುಗಳಿವೆ. ರೈತನ ಮನೆಗೆ ಅಂತಹ ದಾಖಲೆಯಿಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನವನ್ನೇ ನೋಡಬಹುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ. ಶ. ೯೪೫ರಲ್ಲಿ, ಅಲ್ಲಿಯ ವಿದ್ಯಾಶಾಲೆಗೆ ಬಿಟ್ಟ ದತ್ತಿಗಳನ್ನು ಅದು ಹೇಳುತ್ತದೆ. ವಿದ್ಯಾರ್ಥಿಗಳ ವಾಸಕ್ಕೆಂದು ೨೭ ಮನೆಗಳ ಏರ್ಪಾಡು ಇದ್ದುದನ್ನೂ ತಿಳಿಸುತ್ತದೆ. ಶಾಸನವನ್ನು ಕೊರೆದ ಕಲ್ಲಿನ ಕಂಬ ಉಳಿದುಬಂದಿದೆ; ವಿದ್ಯಾರ್ಥಿಗಳು ಮಲಗಿ ಎದ್ದ ಮನೆಗಳು ಉಳಿದುಬಂದಿಲ್ಲ. ಕಲ್ಲು ಉಳಿಯಿತು, ಮರವೂ ಮಣ್ಣೂ ಅಳಿದುವು. ಹೀಗಾಗಿ ಉಳಿದುದನ್ನೇ ನಾವು ಚರಿತ್ರೆಯೆಂದು ಭಾವಿಸುವ ಅಭ್ಯಾಸಕ್ಕೆ ಒಳಗಾಗಿದ್ದೇವೆ.

ಬಸವನ ಬಾಗೇವಾಡಿ ಸೀಮೆಗೆ ಸೇರಿದ ಮುಳವಾಡವನ್ನೂ ಅದರ ಸುತ್ತಣ ಗ್ರಾಮಗಳನ್ನೂ ಮುಂದಿಟ್ಟುಕೊಂಡು, ಈ ಲೇಖನದಲ್ಲಿ ನಾವು ರೈತಮನೆಯ ಒಂದೇ ಅಂಗವನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ. ಅದು ಮಾಳಿಗೆ ಹಾಗೂ ಅದನ್ನು ಹೊತ್ತು ನಿಂತಿರುವ ಮರದ ಕಟ್ಟಣೆ. ಹೊರಗಿನಿಂದ ನೋಡುವವರಿಗೆ ಈ ಮನೆ ದಪ್ಪ ಗೋಡೆಗಳ ಮನೆಯಾಗಿ ಕಾಣುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದು ಕಂಬಗಳ ಮನೆ. ಗೋಡೆ ಮರೆಗೂ ರಕ್ಷಣೆಗೂ ಇರುವುದು. ಮಾಳಿಗೆಯನ್ನು ಹೊರುವುದು ಕಂಬ. ಈ ಭೇದವನ್ನು ಗ್ರಹಿಸದೆ ಮನೆಯ ಚರಿತ್ರೆಯನ್ನು ತಿಳಿಯಲಾಗದು. ಮನೆಯ ಕ್ಷೇಮವನ್ನೂ ಕಾಯಲಾಗದು.

ಮರಾಠಿಯಲ್ಲಿ ಮಣ್ಣಿನ ಚಪ್ಪಟೆ ಮಾಳಿಗೆಗೆ ‘ಮಾಳವದ’ ಎಂಬ ಹೆಸರುಂಟು. ಈ ಮಾತಿಗೂ ಮುಳವಾಡವೆಂಬ ಊರ ಹೆಸರಿಗೂ ಇರುವ ಧ್ವನಿಸಾಮ್ಯವನ್ನು ಹಿಡಿದು ವ್ಯುತ್ಪತ್ತಿ ಹೇಳಹೊರಡುವುದು ಯುಕ್ತವಲ್ಲ. ಸ್ಥಳನಾಮಗಳ ವಿಷಯದಲ್ಲಿ ಕಿವಿಯನ್ನು ನಂಬಿ ಕೆಟ್ಟವರು ಬಹಳ ಜನ.

೨

ಮೊದಲು ನೆಲದ ಸ್ವರೂಪವನ್ನು ತಿಳಿಯಬೇಕು. ಮುಳವಾಡವು ವಿಜಯಪುರದ ದಕ್ಷಿಣಕ್ಕೆ, ಡೋಣಿ ಮತ್ತು ಕೃಷ್ಣಾ ನದಿಗಳ ನಡುವಣ ಬಯಲು ಸೀಮೆಯಲ್ಲಿದೆ. ಇಲ್ಲಿ ವರ್ಷದ ಸರಾಸರಿ ಮಳೆ ೬೦೦ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ, ಅದೂ ನಂಬುವಂತಹುದಲ್ಲ. ಕರಾವಳಿಯಲ್ಲಿ ಬೀಳುವ ಮಳೆ ಇದರ ಐದಾರು ಪಟ್ಟು. ಆದಕಾರಣ ಅಲ್ಲಿಯ ಮನೆಗಳಿಗೆ ಕಡಿದಾದ ಇಳಿಜಾರು ಅನಿವಾರ್ಯವಾಯಿತು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹಂಚು ಆ ಇಳಿಜಾರಿನ ಹೊದಿಕೆಯಾಗಿ ಹರಡಿತು. ಇಲ್ಲಿಯ ಮಳೆಗೆ ಚಪ್ಪಟೆ ಮಾಳಿಗೆಯೇ ಸಾಕು. ಬೇಸಗೆಯ ಉರಿಬಿಸಿಲಿಗೆ ದಪ್ಪ ಮಣ್ಣಿನ ಹೊದಿಕೆ ಹಿತಕರ. ರಾತ್ರಿ ಮಲಗುವುದಕ್ಕೆ, ಕಾಳು ಒಣಗಿಸುವುದಕ್ಕೆ, ಶಾವಿಗೆ ಸಂಡಿಗೆಗಳನ್ನು ಹರವುವುದಕ್ಕೆ ಮಾಳಿಗೆಯು ಮನೆಯ ಎರಡನೆಯ ಅಂಗಳವಾಗುತ್ತದೆ.

ಹವೆ ಮಾಳಿಗೆಯ ಆಕಾರವನ್ನು ನಿರ್ಧರಿಸಿತೆಂದು ಒಪ್ಪಬಹುದು. ಆದರೆ ಅದನ್ನು ಹೊರುವ ರೀತಿಯನ್ನು ನಿರ್ಧರಿಸಿದುದು ಮರದ ಅಭಾವ. ಈ ಕರಿನೆಲದಲ್ಲಿ ದಟ್ಟವಾದ ಕಾಡಿಲ್ಲ. ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಬೆಳೆಯುವ ಜಾಲಿ, ಬೇವುಗಳೇ ರೈತನ ಕೈಗೆ ಎಟುಕುವ ಮರಗಳು. ಜಾಲಿ ಗಟ್ಟಿಯಾದುದು, ಬಂಡಿಗೂ ಕುಂಟೆಗೂ ಒದಗುವಂತಹುದು. ಬೇವಿಗೆ ಹುಳು ಬೇಗ ಹತ್ತುವುದಿಲ್ಲ. ಆದರೆ ಎರಡೂ ಸಾಮಾನ್ಯವಾಗಿ ಗಿಡ್ಡ, ಎರಡೂ ಡೊಂಕು. ಉದ್ದವೂ ನೆಟ್ಟಗೂ ಇರುವ ತೇಗ ಬೇಕಾದರೆ ಪಶ್ಚಿಮದ ಕಾಡುಸೀಮೆಯಿಂದ ಬರಬೇಕು. ಬಂಡಿಯ ಕಾಲದಲ್ಲಿ ಅದು ಉಳ್ಳವರ ಮಾತಾಗಿತ್ತು. ಹೀಗೆ ಇಲ್ಲಿಯ ರೈತನ ಮುಂದೆ ಇದ್ದ ಸಮಸ್ಯೆ ಇದು: ಮಾಳಿಗೆ ಬಹು ಭಾರವಾದುದು, ಅದನ್ನು ಹೊರಲು ಸಿಕ್ಕುವ ಮರ ಗಿಡ್ಡವಾದುದು. ಇದಕ್ಕೆ ಅವನು ಕಂಡುಕೊಂಡ ಪರಿಹಾರವೇ ಅಂಕಣ.

೩

ಎರಡು ತೊಲೆಗಳ ನಡುವಣ ಎಡೆಗೆ ಅಂಕಣವೆಂದು ಹೆಸರು. ಮರಾಠಿ ಸೀಮೆಯಲ್ಲಿ ಇದನ್ನು ಖಣವೆನ್ನುತ್ತಾರೆ. ಮನೆಯನ್ನು ಅಳೆಯುವುದು ಅಡಿಯಿಂದಲ್ಲ, ಅಂಕಣದಿಂದ. ಒಬ್ಬನ ಮನೆ ಮೂರು ಅಂಕಣದ್ದೆಂದರೆ ಅವನ ಸ್ಥಿತಿ ಇಂತಹುದೆಂದೂ, ಹನ್ನೆರಡು ಅಂಕಣದ್ದೆಂದರೆ ಅಂತಹುದೆಂದೂ ಊರವರು ಕೇಳಿದೊಡನೆ ತಿಳಿಯುತ್ತಿದ್ದರು. ಅಂಕಣದ ಅಗಲವನ್ನು ಜಂತಿಯ ಉದ್ದ ಗೊತ್ತುಮಾಡುತ್ತದೆ. ಜಂತಿಯ ಉದ್ದವನ್ನು ಹೊಲದ ಮರ ಗೊತ್ತುಮಾಡುತ್ತದೆ. ಮನೆ ದೊಡ್ಡದಾಗಬೇಕಾದರೆ ಅಂಕಣ ಹಿಗ್ಗುವುದಿಲ್ಲ. ಅಂಕಣದ ಪಕ್ಕಕ್ಕೆ ಮತ್ತೊಂದು ಅಂಕಣ ಸೇರುತ್ತದೆ, ಕಂಬಗಳು ಹೆಚ್ಚುತ್ತವೆ. ಹಳೆಯ ಮನೆಗಳ ಪಡಸಾಲೆಯಲ್ಲಿ ಹೆಜ್ಜೆಗೊಂದರಂತೆ ಕಂಬ ಎದುರಾಗುವುದಕ್ಕೆ ಇದೇ ಕಾರಣ.

ಕಟ್ಟುವ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಅಡಿಗಲ್ಲಿನ ಮೇಲೆ ನಿಲ್ಲಿಸುತ್ತಾರೆ. ಇದರಿಂದ ನೆಲದ ತೇವವೂ ಗೆದ್ದಲೂ ಮರವನ್ನು ಸುಲಭವಾಗಿ ಮುಟ್ಟವು. ಕಂಬದ ತಲೆಯ ಮೇಲೆ ಎರಡು ಕಡೆಗೂ ಕೈಚಾಚಿದ ಬೋದಿಗೆ. ಬೋದಿಗೆಯ ಮೇಲೆ ತೊಲೆ. ತೊಲೆಗಳಿಗೆ ಅಡ್ಡಲಾಗಿ, ಒತ್ತೊತ್ತಾಗಿ ಜಂತಿಗಳು. ಜಂತಿಯ ಮೇಲೆ ಉಳ್ಳವರು ಹಲಗೆ ಹಾಸುವರು. ಇಲ್ಲದವರು ಸೀಳಿದ ಕಟ್ಟಿಗೆಯನ್ನೋ ತೊಗರಿಯ ಕಟ್ಟಿಗೆಯನ್ನೋ ಹಾಸುವರು. ಅದರ ಮೇಲೆ ಬೇವಿನ ಸೊಪ್ಪು, ಆಮೇಲೆ ತುಳಿದು ಹದಗೊಳಿಸಿದ ಮಣ್ಣು, ಕೊನೆಗೆ ಸವಳು ಮಣ್ಣಿನ ಮೇಲ್ಮುದ್ದೆ. ನೀರು ಒಂದು ಕಡೆಗೆ ಹರಿಯುವಂತೆ ಅಲ್ಪ ಇಳುಕಲು, ಅಂಚಿಗೆ ಕುಂಬಿ, ನಡುವೆ ಗಾಳಿಬೆಳಕಿಗಾಗಿ ಬೆಳಕಿಂಡಿ.

ಈ ಕಟ್ಟಣೆಯ ಎರಡು ಅಂಶಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಮೊದಲನೆಯದು ಬೋದಿಗೆ. ಅದನ್ನು ಅಲಂಕಾರವೆಂದು ತಿಳಿಯುವವರುಂಟು. ಅದರ ಮೇಲೆ ಬಡಿಗೇರರು ಕೆತ್ತಿದ ಹೂಬಳ್ಳಿಗಳು ಆ ಭ್ರಮೆಗೆ ಕಾರಣವಾಗಿವೆ. ಆದರೆ ಅದರ ಕೆಲಸ ಬೇರೆ. ಕಂಬದ ಎರಡು ಬದಿಗೂ ಚಾಚಿಕೊಂಡಿರುವುದರಿಂದ ಅದು ತೊಲೆಯ ಆಧಾರವಿಲ್ಲದ ಉದ್ದವನ್ನು ಕಡಿಮೆ ಮಾಡುತ್ತದೆ. ಗಿಡ್ಡವಾದ ಎರಡು ತೊಲೆಗಳ ತುದಿಗಳು ಸಂಧಿಸುವುದೂ ಅದರ ಮೇಲೆಯೇ. ಗಿಡ್ಡ ಮರದಿಂದ ಉದ್ದವಾದ ಮನೆ ಕಟ್ಟುವ ಗುಟ್ಟು ಇರುವುದು ಇಲ್ಲಿ. ಎರಡನೆಯದು ಸವಳು ಮಣ್ಣು. ಬೆಳೆಗೆ ಕೆಲಸಕ್ಕೆ ಬಾರದ ಈ ಮಣ್ಣು ಮಾಳಿಗೆಗೆ ಬಹಳ ಕೆಲಸಕ್ಕೆ ಬರುತ್ತದೆ. ಸೋಡಿಯಂ ಲವಣದ ಅಂಶ ಹೆಚ್ಚಾಗಿರುವ ಜೇಡಿ ನೆನೆದಾಗ ಉಬ್ಬಿ, ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ನೀರು ಕೆಳಗಿಳಿಯುವುದು ಕಷ್ಟವಾಗುತ್ತದೆ. ಹೊಲದಲ್ಲಿ ರೈತನನ್ನು ಕಾಡುವ ಗುಣವೇ ಮನೆಯ ಮೇಲೆ ಅವನನ್ನು ಕಾಯುತ್ತದೆ.

ಇಂತಹ ಮನೆಯನ್ನು ಕಟ್ಟುತ್ತಿದ್ದವರು ಯಾರು? ಕೀಲು ಕೂಡಿಸುವ ಕೆಲಸ ಬಡಿಗೇರನದು. ಅವನಿಗೆ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಆಯ ಸಲ್ಲುತ್ತಿತ್ತು. ಕಲ್ಲಿನ ಗೋಡೆಗೆ ಗೌಂಡಿಯ ಕೈ ಬೇಕು. ಉಳಿದ ಕೆಲಸವೆಲ್ಲ ಮನೆಯವರದು ಮತ್ತು ಮುಯ್ಯಾಳುಗಳದು. ಮರ ಕಡಿದು ತರುವುದು, ಮಣ್ಣು ತುಳಿಯುವುದು, ತೊಲೆಯನ್ನು ಎತ್ತಿ ಬೋದಿಗೆಯ ಮೇಲೆ ಕೂಡಿಸುವುದು, ಇವು ಇಂದು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು ಎಂಬ ಮುಯ್ಯಿಯ ನಿಯಮದಿಂದ ನಡೆಯುತ್ತಿದ್ದುವು. ತೊಲೆ ಏರಿಸುವ ದಿನ ಹತ್ತಾರು ಜನರ ಹೆಗಲು ಬೇಕು. ಊರಿನಲ್ಲಿ ಹಗೆ ಕಟ್ಟಿಕೊಂಡವನಿಗೆ ಮಾಳಿಗೆ ಏರಿಸುವುದು ಸುಲಭವಾಗಿರಲಿಲ್ಲ.

೪

ಮಾಳಿಗೆಯ ಭಾರ ಎಷ್ಟು ಎಂಬುದನ್ನು ಸ್ಥೂಲವಾಗಿ ಲೆಕ್ಕಹಾಕಬಹುದು. ಒಂದು ಅಂಕಣ ಏಳು ಅಡಿ ಅಗಲ, ಹತ್ತು ಅಡಿ ಉದ್ದ, ಅದರ ಮೇಲಣ ಮಣ್ಣು ಒಂದು ಅಡಿ ದಪ್ಪವೆಂದು ಇಟ್ಟುಕೊಳ್ಳೋಣ. ಮಣ್ಣಿನ ಪರಿಮಾಣ ೭೦ ಘನ ಅಡಿಯಾಯಿತು. ಬಡಿದು ಗಟ್ಟಿಮಾಡಿದ ಮಣ್ಣು ಘನ ಅಡಿಗೆ ಸುಮಾರು ೪೫ ಕಿಲೋಗ್ರಾಂ ತೂಗುತ್ತದೆ. ಹಾಗಾದರೆ ಒಂದು ಅಂಕಣದ ಮೇಲೆ ೩೧೫೦ ಕಿಲೋಗ್ರಾಂ, ಅಂದರೆ ಮೂರು ಟನ್ನಿಗೂ ಮಿಕ್ಕ ಭಾರ. ಮಳೆಯಲ್ಲಿ ನೆನೆದಾಗ ಇದು ಇನ್ನೂ ಹೆಚ್ಚು. ಸಾಲು ಸಾಲಾಗಿ ಕಂಬಗಳಿರುವ ಮನೆಯಲ್ಲಿ ನಡುವಣ ಪ್ರತಿಯೊಂದು ಕಂಬದ ಪಾಲಿಗೂ ಇಷ್ಟು ಭಾರ ಬರುತ್ತದೆ.

ಕಂಬ ಇದನ್ನು ಹೊರಬಲ್ಲುದು. ಮರ ನೇರವಾದ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ಅಪಾಯವಿರುವುದು ತೊಲೆಗೆ. ಆಧಾರಗಳ ನಡುವಣ ಅಂತರ ಎರಡರಷ್ಟಾದರೆ, ಹರಡಿದ ಭಾರದಿಂದ ತೊಲೆಯನ್ನು ಬಾಗಿಸುವ ಪ್ರಭಾವ ನಾಲ್ಕರಷ್ಟಾಗುತ್ತದೆ. ಪುಸ್ತಕ ಓದದ ಬಡಿಗೇರನು ಈ ಸೂತ್ರವನ್ನು ಅಂಕೆಗಳಲ್ಲಿ ಹೇಳಲಾರ. ಆದರೆ ಅಂಕಣವನ್ನು ಹಿಗ್ಗಿಸಬಾರದೆಂಬ ಅವನ ಕಟ್ಟುನಿಟ್ಟು ಇದೇ ಸೂತ್ರದ ಇನ್ನೊಂದು ರೂಪ. ಪಡಸಾಲೆಯಲ್ಲಿ ಅಡ್ಡವಾಗುತ್ತದೆಂದು ಒಂದು ಕಂಬವನ್ನು ತೆಗೆಸಲು ಬಯಸುವವರಿಗೆ ಹಿರಿಯರು ಬೇಡವೆಂದುದು ಹಳೆಯದರ ಮೇಲಣ ಮೋಹದಿಂದ ಮಾತ್ರವಲ್ಲ.

ಇನ್ನೊಂದು ಸಂಗತಿಯಿದೆ. ಮುಂಗಾರು ಕಾಲಿಡುವ ಮೊದಲು ಸೋರುವ ಎಡೆಗಳಿಗೆ ಹೊಸ ಮಣ್ಣು ಹಾಕಿ ಬಡಿಯುವುದು ವಾಡಿಕೆ. ಹಳೆಯ ಮಣ್ಣನ್ನು ಕೆರೆದು ತೆಗೆದು ಹೊಸದನ್ನು ಹಾಕಿದರೆ ಭಾರ ಸಮನಾಗಿರುತ್ತದೆ. ಹಳೆಯದರ ಮೇಲೆಯೇ ಹೊಸದನ್ನು ಹೇರುತ್ತಾ ಹೋದರೆ, ಒಂದು ತಲೆಮಾರಿನಲ್ಲಿ ಒಂದು ಅಡಿಯ ಮಾಳಿಗೆ ಎರಡು ಅಡಿಯಾಗಬಹುದು. ಕಂಬ, ತೊಲೆಗಳು ಮಾತ್ರ ಅಜ್ಜನ ಕಾಲದವೇ ಆಗಿರುತ್ತವೆ.

೫

ಈ ಕಟ್ಟಣೆ ಎಷ್ಟು ಹಳೆಯದು? ಇಂದು ನಿಂತಿರುವ ಯಾವ ರೈತಮನೆಯೂ ಇದಕ್ಕೆ ಉತ್ತರ ಕೊಡಲಾರದು. ಮರದ ಆಯುಷ್ಯ ಅಷ್ಟಿಲ್ಲ. ಆದುದರಿಂದ ಕಲ್ಲಿನಲ್ಲಿ ಉಳಿದ ಮರದ ನೆನಪನ್ನು ಹುಡುಕಬೇಕಾಗುತ್ತದೆ. ಇದಕ್ಕೆ ಕೃಷ್ಣೆಯನ್ನು ದಾಟಿ ದಕ್ಷಿಣಕ್ಕೆ, ಚಾಲುಕ್ಯರ ನೆಲೆಗಳಾದ ಬಾದಾಮಿ ಐಹೊಳೆಗಳಿಗೆ ಹೋಗಬೇಕು.

ಬಾದಾಮಿಯ ಮೂರನೆಯ ಗುಹೆಯಲ್ಲಿ ಶಕ ೫೦೦, ಅಂದರೆ ಕ್ರಿ. ಶ. ೫೭೮ರ ಮಂಗಲೇಶನ ಶಾಸನವಿದೆ. ಬಂಡೆಯನ್ನು ಕೊರೆದು ಮಾಡಿದ ಈ ಮಂಟಪಕ್ಕೆ ಕಂಬ, ಬೋದಿಗೆ, ತೊಲೆಗಳ ಅಗತ್ಯ ಅಷ್ಟಾಗಿ ಇರಲಿಲ್ಲ. ಬೆಟ್ಟ ತನ್ನ ಭಾರವನ್ನು ಬಹುಮಟ್ಟಿಗೆ ತಾನೇ ಹೊರುತ್ತದೆ. ಆದರೂ ಶಿಲ್ಪಿಗಳು ಕಂಬದ ಮೇಲೆ ಬೋದಿಗೆಯನ್ನೂ ಅದರ ಮೇಲೆ ತೊಲೆಯನ್ನೂ ಕ್ರಮತಪ್ಪದೆ ಬಿಡಿಸಿದ್ದಾರೆ. ಕಂಬವೂ ತೊಲೆಯೂ ಇಲ್ಲದ ಮನೆ ಅವರ ಕಲ್ಪನೆಗೆ ಬಾರದೆ ಹೋಯಿತೆಂದೇ ತೋರುತ್ತದೆ. ಐಹೊಳೆಯ ಲಾಡಖಾನ ಗುಡಿ ಇನ್ನೂ ಸ್ಪಷ್ಟವಾದ ಸಾಕ್ಷ್ಯ. ಅದರ ಅಲ್ಪ ಇಳುಕಲಿನ ಮಾಳಿಗೆಗೆ ಕಲ್ಲುಚಪ್ಪಡಿಗಳನ್ನು ಹಾಸಿ, ಚಪ್ಪಡಿಗಳ ಸಂದುಗಳ ಮೇಲೆ ಮರದ ಪಟ್ಟಿಗಳನ್ನು ಹೋಲುವ ಉದ್ದನೆಯ ಕಲ್ಲುಗಳನ್ನು ಇಟ್ಟಿದ್ದಾರೆ. ಈ ಗುಡಿಯನ್ನು ಹಿಂದಿನ ವಿದ್ವಾಂಸರು ಐದನೆಯ ಶತಮಾನಕ್ಕೆ ಸೇರಿಸಿದ್ದರು. ಈಚಿನವರು ಅದನ್ನು ಏಳು ಎಂಟನೆಯ ಶತಮಾನಗಳಿಗೆ ತಂದಿದ್ದಾರೆ. ಕಾಲ ಯಾವುದಾದರೂ ಆಗಲಿ, ಅದರ ಒಳಗಣ ಕಂಬಗಳ ಸಾಲಿನಲ್ಲಿ ನಿಂತು ನೋಡಿದವರಿಗೆ ಅಂಕಣದ ಮನೆ ನೆನಪಾಗದಿರದು. ಇಂದಿನ ರೈತಮನೆಯೇ ಚಾಲುಕ್ಯರ ಕಾಲದ ಮನೆಯೆಂದು ನಾವು ಹೇಳುತ್ತಿಲ್ಲ. ಕಂಬ, ಬೋದಿಗೆ, ತೊಲೆ ಎಂಬ ಕ್ರಮ ಆ ಕಾಲಕ್ಕೇ ಈ ಸೀಮೆಯಲ್ಲಿ ರೂಢವಾಗಿತ್ತೆಂದು ಹೇಳಲು ಮಾತ್ರ ಈ ಸಾಕ್ಷ್ಯ ಸಾಕಾಗುತ್ತದೆ.

ಆದಿಲಶಾಹಿ ಅರಸರು ಕಮಾನು, ಗುಮ್ಮಟಗಳ ವಿದ್ಯೆಯನ್ನು ಪರಾಕಾಷ್ಠೆಗೆ ಒಯ್ದರು. ೧೬೫೬ರಲ್ಲಿ ತೀರಿಕೊಂಡ ಮುಹಮ್ಮದ ಆದಿಲಶಹನ ಗೋಳಗುಮ್ಮಟದಲ್ಲಿ ೧೮೦೦೦ ಚದರ ಅಡಿಗೂ ಮಿಕ್ಕ ನೆಲವನ್ನು ನಡುವೆ ಒಂದೂ ಕಂಬವಿಲ್ಲದೆ ಮುಚ್ಚಿದ್ದಾರೆ. ಅದೇ ಅರಸನ ಕಾಲದಲ್ಲಿ, ೧೬೪೬ರ ಸುಮಾರಿಗೆ, ನ್ಯಾಯಸಭೆಗಾಗಿ ಕಟ್ಟಿದ ಅಸಾರಮಹಲಿನ ತೆರೆದ ಮುಂಭಾಗದ ಮಾಳಿಗೆಯನ್ನಾದರೋ ನಾಲ್ಕು ಎತ್ತರವಾದ ಮರದ ಕಂಬಗಳು ಹೊತ್ತಿವೆ. ರೈತನ ಪಡಸಾಲೆಗೂ ಅರಸನ ಸಭಾಂಗಣಕ್ಕೂ ಇರುವ ಅಂತರ ಇಲ್ಲಿ ತತ್ತ್ವದ್ದಲ್ಲ, ಮರದ ಅಳತೆಯದು. ಹಿರಿದಾದ ಮರವನ್ನು ತರಿಸಬಲ್ಲವನು ನಾಲ್ಕೇ ಕಂಬಗಳಿಂದ ವಿಶಾಲವಾದ ಸ್ಥಳವನ್ನು ಮುಚ್ಚಿದನು. ತರಿಸಲಾರದವನು ಕಂಬಗಳನ್ನು ಹೆಚ್ಚಿಸಿದನು.

೬

ಮರ ದುರ್ಲಭವಾದ ನಾಡಿನಲ್ಲಿ ತೊಲೆ ಮನೆಯ ಭಾಗ ಮಾತ್ರವಲ್ಲ, ಅದೊಂದು ಚರಾಸ್ತಿ. ಗೋಡೆ ಬಿದ್ದರೆ ಮಣ್ಣು; ತೊಲೆ ಬಿಚ್ಚಿದರೆ ಹಣ. ದಖನ್ನಿನ ಬರಗಾಲಗಳಲ್ಲಿ ಜನರು ದನ, ಪಾತ್ರೆಗಳನ್ನು ಮಾರಿದ ತರುವಾಯ ಮನೆಯ ಮರವನ್ನೂ ಕಿತ್ತು ಮಾರಿದರೆಂಬುದು ಆ ಕಾಲದ ಬರಹಗಳಿಂದ ತಿಳಿದುಬರುತ್ತದೆ. ೧೮೭೬–೭೮ರ ಮಹಾಕ್ಷಾಮದಲ್ಲಿ ಆಗಿನ ಕಲಾದಗಿ ಜಿಲ್ಲೆ ಬಹಳವಾಗಿ ನೊಂದಿತು. ೧೮೭೨ ಮತ್ತು ೧೮೮೧ರ ಜನಗಣತಿಗಳ ನಡುವೆ ಅದರ ಜನಸಂಖ್ಯೆ ಸುಮಾರು ಐದನೆಯ ಒಂದು ಭಾಗ ಕುಗ್ಗಿತು. ಮಾಳಿಗೆಯ ಮರವನ್ನು ಮಾರಿದವನು ಊರಿಗೆ ಹಿಂತಿರುಗುವ ದಾರಿಯನ್ನೇ ಮಾರಿದಂತೆ. ಗೋಡೆಯನ್ನು ಮುಯ್ಯಾಳುಗಳಿಂದ ಮತ್ತೆ ಎಬ್ಬಿಸಬಹುದು. ಮರವನ್ನು ಮುಯ್ಯಿಯಿಂದ ಪಡೆಯಲಾಗದು.

ಕ್ಷಾಮ ಕಳೆದ ಕೆಲವೇ ವರ್ಷಗಳಲ್ಲಿ, ೧೮೮೪ರಲ್ಲಿ, ಹೊಟಗಿಯಿಂದ ಗದಗಕ್ಕೆ ರೈಲುಮಾರ್ಗ ತೆರೆಯಿತು. ಮುಳವಾಡವೂ ಈ ಮಾರ್ಗದ ಒಂದು ನಿಲ್ದಾಣ. ಹುಬ್ಬಳ್ಳಿ ಧಾರವಾಡಗಳ ಮೂಲಕ ಪಶ್ಚಿಮದ ಕಾಡುಸೀಮೆಗೆ ಸಂಪರ್ಕ ಏರ್ಪಟ್ಟು, ದೂರದ ತೇಗ ಬಂಡಿಯ ದಾರಿಯನ್ನು ಕಾಯದೆ ಬರುವಂತಾಯಿತು. ಆದರೆ ೧೮೭೮ರ ಅರಣ್ಯ ಕಾಯಿದೆಯಿಂದ ಕಾಡಿನ ಮರ ಸರಕಾರದ ಹಿಡಿತಕ್ಕೆ ಒಳಪಟ್ಟಿತ್ತು. ತೇಗವು ಹಣವುಳ್ಳವನ ಮನೆಗೆ ಬಂದಿತು. ಸಾಮಾನ್ಯ ರೈತನು ಜಾಲಿ ಬೇವುಗಳಲ್ಲಿಯೇ ಉಳಿದನು.

ಇಪ್ಪತ್ತನೆಯ ಶತಮಾನದ ದೊಡ್ಡ ಸ್ಥಿತ್ಯಂತರ ಬಂದುದು ನೀರಿನಿಂದ. ೧೯೬೪ರ ಮೇ ೨೨ರಂದು ಲಾಲ್ ಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಅದು ಪೂರ್ಣವಾಗಲು ನಾಲ್ಕು ದಶಕಗಳೇ ಹಿಡಿದುವು. ಹಿನ್ನೀರಿನಲ್ಲಿ ಮುಳವಾಡಕ್ಕೆ ಸಮೀಪದ ಹಳೆಯ ಕೊಲ್ಹಾರ ಮುಳುಗಿ, ಎತ್ತರದ ಸ್ಥಳದಲ್ಲಿ ಹೊಸ ಕೊಲ್ಹಾರ ಹುಟ್ಟಿತು. ಅದೇ ಜಲಾಶಯದ ನೀರನ್ನು ಮೇಲೆತ್ತಿ ಒಣನೆಲಕ್ಕೆ ಹರಿಸುವ ಏತ ನೀರಾವರಿ ಯೋಜನೆಗೆ ಮುಳವಾಡದ ಹೆಸರೇ ಬಂದಿತು. ಒಂದು ಊರಿನ ಮಾಳಿಗೆಗಳನ್ನು ಮುಳುಗಿಸಿದ ನೀರು ಮತ್ತೊಂದು ಊರಿನ ಹೊಲಗಳಿಗೆ ಒದಗಿತು. ಮುಳುಗಿದ ಊರುಗಳ ಮನೆಗಳ ಬೆಲೆಯನ್ನು ಪರಿಹಾರಧನವಾಗಿ ಎಣಿಸಲಾಯಿತು. ಅವುಗಳ ಕಟ್ಟಣೆಯ ಚರಿತ್ರೆ ಆ ಎಣಿಕೆಗೆ ಬರುವಂತಹುದಲ್ಲ. ಮುಳುಗದ ಊರುಗಳಲ್ಲಿಯೂ ಕಬ್ಬಿಣದ ತೊಲೆ, ತಗಡು, ಸಿಮೆಂಟು ಕಾಂಕ್ರೀಟುಗಳು ಮರದ ಸ್ಥಾನವನ್ನು ಆಕ್ರಮಿಸುತ್ತಿವೆ.

೭

ಈ ಚರಿತ್ರೆ ಬರಿಯ ಕುತೂಹಲದ ವಿಷಯವಲ್ಲವೆಂಬುದನ್ನು ೧೯೯೩ರ ಸೆಪ್ಟೆಂಬರ್ ೩೦ರ ಮುಂಜಾವು ಕಠೋರವಾಗಿ ತೋರಿಸಿಕೊಟ್ಟಿತು. ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದು ಜಿಲ್ಲೆಗಳಲ್ಲಿ, ಕಿಲ್ಲಾರಿಯ ಸುತ್ತಮುತ್ತ ಭೂಮಿ ನಡುಗಿ ಎಂಟು ಸಾವಿರದಷ್ಟು ಜನ ಮಡಿದರು. ಅಲ್ಲಿಯ ಮನೆಗಳು ನಮ್ಮ ಸೀಮೆಯ ಮನೆಗಳ ಸೋದರಿಗಳೇ: ಕಲ್ಲಿನ ದಪ್ಪ ಗೋಡೆ, ಮರದ ತೊಲೆ ಜಂತಿ, ಮೇಲೆ ವರ್ಷ ವರ್ಷವೂ ಬೆಳೆದ ಮಣ್ಣು. ಕೆಸರಿನಲ್ಲಿ ಕಟ್ಟಿದ ಗೋಡೆಗಳಲ್ಲಿ ಒಳಮೈಯನ್ನೂ ಹೊರಮೈಯನ್ನೂ ಬಿಗಿಯುವ ಅಡ್ಡಗಲ್ಲುಗಳಿರಲಿಲ್ಲ. ನಡುಕಕ್ಕೆ ಅವು ಸೀಳಿ ಕುಸಿದುವು.

ಆ ಬಳಿಕ ಪರಿಶೀಲನೆ ನಡೆಸಿದ ತಜ್ಞರು ಒಂದು ಸಂಗತಿಯನ್ನು ಗುರುತಿಸಿದರು. ತೊಲೆಗಳು ನೇರವಾಗಿ ಗೋಡೆಯ ಮೇಲೆ ಕುಳಿತಿದ್ದ ಮನೆಗಳಲ್ಲಿ ಗೋಡೆಯೊಡನೆ ಮಾಳಿಗೆಯೂ ಕೆಳಗೆ ಬಂದಿತು. ಮಾಳಿಗೆಯನ್ನು ಮರದ ಕಂಬಗಳು ಬೇರೆಯಾಗಿ ಹೊತ್ತಿದ್ದ ಮನೆಗಳಲ್ಲಿ, ಗೋಡೆ ಬಿದ್ದರೂ ಮಾಳಿಗೆ ಕಂಬಗಳ ಮೇಲೆ ನಿಂತ ಉದಾಹರಣೆಗಳು ಕಂಡುಬಂದುವು. ಕಂಬವಿದ್ದ ಮನೆಗಳೆಲ್ಲ ಉಳಿದುವೆಂದು ಇದರ ಅರ್ಥವಲ್ಲ. ಒಳಕ್ಕೆ ಬಿದ್ದ ಕಲ್ಲು ಅಲ್ಲಿಯೂ ಜನರನ್ನು ಕೊಂದಿತು. ಆದರೆ ಮೂರು ಟನ್ನಿನ ಮಣ್ಣು ತಲೆಯ ಮೇಲೆ ಬೀಳುವುದಕ್ಕೂ ಬೀಳದಿರುವುದಕ್ಕೂ ನಡುವೆ ನಿಂತಿದ್ದುದು ಹಲವೆಡೆ ಒಂದು ಕಂಬ.

ಇದರಿಂದ ಹೊರಡುವ ನಿರ್ಣಯ ಸರಳವಾದುದು. ಪೂರ್ಣಾಂಗವಾದ ಮಾಳಿಗೆಮನೆಯಲ್ಲಿ ಗೋಡೆಯ ಪಕ್ಕದಲ್ಲಿಯೂ ಕಂಬಗಳಿರುತ್ತವೆ. ಬಡತನದಿಂದ, ಇಲ್ಲವೆ ಮರದ ಅಭಾವದಿಂದ, ಆ ಅಂಚಿನ ಕಂಬಗಳನ್ನು ಬಿಟ್ಟು ತೊಲೆಯ ತುದಿಯನ್ನು ಗೋಡೆಗೆ ಊರಿದಾಗ ಕಟ್ಟಣೆ ಊನವಾಯಿತು. ಸ್ಥಳ ವಿಶಾಲವಾಗಲೆಂದು ನಡುವಣ ಕಂಬವನ್ನೂ ಕಿತ್ತಾಗ ಊನ ಇಮ್ಮಡಿಯಾಯಿತು. ತಪ್ಪು ಹಳೆಯ ಪದ್ಧತಿಯದೆಂದು ಹೇಳುವುದಕ್ಕಿಂತ, ಹಳೆಯ ಪದ್ಧತಿಯನ್ನು ಅರ್ಧ ಉಳಿಸಿಕೊಂಡು ಅರ್ಧ ಮರೆತುದರ ಫಲವೆಂದು ಹೇಳುವುದು ಸತ್ಯಕ್ಕೆ ಹೆಚ್ಚು ಹತ್ತಿರವಾದುದು. ಮಾಳಿಗೆಮನೆಯಲ್ಲಿ ಇನ್ನೂ ವಾಸಿಸುತ್ತಿರುವವರಿಗೆ ಈ ನಿರ್ಣಯದಿಂದ ಪ್ರಯೋಜನವುಂಟು: ಮಣ್ಣಿನ ಮೇಲೆ ಮಣ್ಣು ಹೇರದೆ ಹಳೆಯದನ್ನು ಇಳಿಸಬೇಕು, ಕಂಬವನ್ನು ತೆಗೆಯಬಾರದು, ಗೋಡೆಗೆ ಊರಿದ ತೊಲೆಗೆ ಒತ್ತುಗಂಬ ಕೊಡಬೇಕು.

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಶಾಸನಗಳನ್ನು ಅಚ್ಚೊತ್ತಿಕೊಳ್ಳಲು ಹಳ್ಳಿಗೆ ಹೋದಾಗ ತಾವು ಇಳಿದುಕೊಂಡ ಮನೆಯನ್ನೂ ಒಮ್ಮೆ ತಲೆಯೆತ್ತಿ ನೋಡಬೇಕು. ಅಂಕಣಗಳೆಷ್ಟು, ಅವುಗಳ ಅಳತೆಯೇನು, ಕಂಬ ಯಾವ ಮರದ್ದು, ಬೋದಿಗೆಯ ಚಾಚು ಎಷ್ಟು, ಅಂಚಿನ ಕಂಬಗಳಿವೆಯೋ ಇಲ್ಲವೋ, ಪ್ರತಿಯೊಂದು ಅಂಗಕ್ಕೆ ಆ ಊರಿನವರು ಹೇಳುವ ಹೆಸರೇನು ಎಂಬುದನ್ನು ಬರೆದುಕೊಳ್ಳಬೇಕು. ಇದಕ್ಕೆ ಒಂದು ಅಳತೆಪಟ್ಟಿ, ಒಂದು ಪುಸ್ತಕ, ಮನೆಯ ಹಿರಿಯರೊಡನೆ ಒಂದು ಸಂಜೆ ಸಾಕು. ಸಾಲೋಟಗಿಯ ವಿದ್ಯಾರ್ಥಿಗಳ ೨೭ ಮನೆಗಳ ಮಾಳಿಗೆಯನ್ನು ಯಾವ ಕಂಬಗಳು ಹೊತ್ತಿದ್ದುವೆಂದು ಯಾರೂ ಬರೆದಿಡಲಿಲ್ಲ. ಆ ಲೋಪಕ್ಕೆ ನಾವೀಗ ಏನೂ ಮಾಡಲಾರೆವು. ಮುಳವಾಡ ಸೀಮೆಯಲ್ಲಿ ಇನ್ನೂ ನಿಂತಿರುವ ಮನೆಗಳ ವಿಷಯದಲ್ಲಿ ಅದೇ ಲೋಪ ನಮ್ಮಿಂದ ಆಗದಿರಲಿ.